ತೂಕದಲ್ಲಿ ಪ್ರೋಟೀನ್ ಜಾಸ್ತಿ, ಆದರೂ ಕೋಶಪೊರೆ ಅಂದ್ರೆ ಫಾಸ್ಫೋಲಿಪಿಡ್ ಅಂತಾರಲ್ಲ, ಯಾಕೆ?

ಪಿಯು_ಹುಡುಗಿಯ_ಅಪ್ಪ

ಎಲ್ಲರಿಗೂ ನಮಸ್ಕಾರ. ಮಗಳು ಮೊದಲನೇ ಪಿಯುಸಿ, ಪಿಸಿಎಂಬಿ. ನಾನು ಓದಿದ್ದು ಕಾಮರ್ಸ್, ಹಾಗಾಗಿ ಇಲ್ಲಿ ಕೇಳ್ತಿದೀನಿ.

ಅವಳ ಪುಸ್ತಕದಲ್ಲಿ ಮನುಷ್ಯನ ಕೆಂಪು ರಕ್ತಕಣದ ಪೊರೆಯಲ್ಲಿ ಸುಮಾರು 52% ಪ್ರೋಟೀನ್, 40% ಲಿಪಿಡ್ (ಕೊಬ್ಬಿನಂಥ ವಸ್ತು) ಅಂತ ಕೊಟ್ಟಿದೆ. ಚಿತ್ರದಲ್ಲಿ ನೋಡಿದ್ರೆ ತುಂಬ ಲಿಪಿಡ್‌ಗಳೇ ಸಾಲಾಗಿ ನಿಂತಿವೆ, ಪ್ರೋಟೀನ್ ಅಲ್ಲೊಂದು ಇಲ್ಲೊಂದು. "52 ದೊಡ್ಡದಾ 40 ದೊಡ್ಡದಾ ಅಪ್ಪಾ?" ಅಂತ ಕೇಳಿದಳು. ಟ್ಯೂಷನ್‌ನಲ್ಲಿ ಕೇಳಿದ್ದಕ್ಕೆ "ಪರೀಕ್ಷೆಗೆ ಬರಲ್ಲ, ಬಿಡು" ಅಂದರಂತೆ.

ಅವಳದ್ದೇ ಇನ್ನೊಂದು ಪ್ರಶ್ನೆ: ನೀರನ್ನ ತಡೆಯೋದೇ ಕೆಲಸ ಆದ್ರೆ ಮಾಮೂಲಿ ಎಣ್ಣೆ, ಕೊಬ್ಬು ಸಾಕಿತ್ತಲ್ಲ, ಫಾಸ್ಫೇಟ್ ಯಾಕೆ ಬೇಕಿತ್ತು?

ಬಯಾಲಜಿ_ಮೇಡಂ

ಸರ್, ಪರೀಕ್ಷೆಗೆ ಬರಲಿ ಬಿಡಲಿ, ಮಗಳು ಕೇಳಿದ್ದು ಸರಿಯಾದ ಪ್ರಶ್ನೆ.

52 ಮತ್ತು 40 ಎರಡೂ ತೂಕದ ಲೆಕ್ಕ. ಒಂದು ಫಾಸ್ಫೋಲಿಪಿಡ್ ಅಣುವಿನ ತೂಕ ಸುಮಾರು 750 ಡಾಲ್ಟನ್ (ಅಣುಗಳ ತೂಕದ ಅಳತೆ). ಪೊರೆಯ ಒಂದು ಪ್ರೋಟೀನ್ ಹತ್ತಾರು ಸಾವಿರ ಡಾಲ್ಟನ್ ತೂಗುತ್ತೆ, ಲಕ್ಷ ಮುಟ್ಟುವವೂ ಇವೆ. ತೂಕ ಹೆಚ್ಚುಕಡಿಮೆ ಸಮ ಇದ್ದರೂ ತಲೆ ಎಣಿಸಿದರೆ ಒಂದು ಪ್ರೋಟೀನ್‌ಗೆ ಸುಮಾರು 50 ಲಿಪಿಡ್ ಅಣು ಬರುತ್ತವೆ. ಚಿತ್ರ ಬರೆದವರು ತಪ್ಪು ಮಾಡಿಲ್ಲ. ಹಾಗಂತ ಈ ಅನುಪಾತ ಎಲ್ಲ ಪೊರೆಗೂ ಒಂದೇ ಅಲ್ಲ. ನರತಂತುವಿನ ಮೇಲಿನ ಮೈಯಲಿನ್ ಹೊದಿಕೆಯಲ್ಲಿ ಲಿಪಿಡ್ಡೇ ಮುಕ್ಕಾಲು ಪಾಲಿಗೂ ಹೆಚ್ಚು. ಮೈಟೊಕಾಂಡ್ರಿಯಾದ ಒಳಪೊರೆಯಲ್ಲಿ ತಿರುಗಾಮುರುಗಾ, ಪ್ರೋಟೀನ್ ಮುಕ್ಕಾಲು ಪಾಲು.

ಫಾಸ್ಫೋಲಿಪಿಡ್‌ನ ರಚನೆಗೆ ಬರೋಣ. ಮೂರು ಕಾರ್ಬನ್‌ನ ಗ್ಲಿಸರಾಲ್ ಬೆನ್ನೆಲುಬು. ಮೊದಲ ಎರಡು ಕಾರ್ಬನ್‌ಗೆ ಒಂದೊಂದು ಕೊಬ್ಬಿನ ಆಮ್ಲ, ಸಾಮಾನ್ಯವಾಗಿ 16 ಅಥವಾ 18 ಕಾರ್ಬನ್ ಉದ್ದ. ಮೂರನೆಯದಕ್ಕೆ ಫಾಸ್ಫೇಟ್. ಅದರ ತುದಿಗೆ ಕೋಲಿನ್, ಇಥನಾಲಮೈನ್, ಸೆರೀನ್, ಇನಾಸಿಟಾಲ್ ಇವುಗಳಲ್ಲಿ ಒಂದು. ಕೋಲಿನ್ ಬಂದರೆ ಫಾಸ್ಫಟಿಡೈಲ್‌ಕೋಲಿನ್, ಸೆರೀನ್ ಬಂದರೆ ಫಾಸ್ಫಟಿಡೈಲ್‌ಸೆರೀನ್, ಹೀಗೆ. ಫಾಸ್ಫೇಟ್ ಇರುವ ಕಡೆ, ಅಂದ್ರೆ ಅಣುವಿನ ತಲೆಯಲ್ಲಿ, ವಿದ್ಯುದಾವೇಶ ಇದೆ, ಅದು ನೀರಿಗೆ ಒಗ್ಗುತ್ತೆ. ಕೊಬ್ಬಿನ ಆಮ್ಲದ ಬಾಲಗಳು ಬರೀ ಹೈಡ್ರೊಕಾರ್ಬನ್, ಒಗ್ಗಲ್ಲ. ಮಾಮೂಲಿ ಕೊಬ್ಬಿನಲ್ಲಿ ಮೂರನೇ ಕಾರ್ಬನ್‌ಗೂ ಕೊಬ್ಬಿನ ಆಮ್ಲವೇ ಅಂಟಿರುತ್ತೆ, ನೀರಿನ ಕಡೆ ಮುಖ ಮಾಡೋಕೆ ತಲೆಯೇ ಇಲ್ಲ. ಹಾಗಾಗಿ ಅದು ಪೊರೆ ಆಗಲ್ಲ, ಹನಿ ಆಗುತ್ತೆ. ಕೊಬ್ಬಿನ ಕೋಶದೊಳಗೆ ಅದು ಹನಿಯಾಗೇ ಕೂತಿರುತ್ತೆ. ಆ ಹನಿಯ ಸುತ್ತಲೂ ಫಾಸ್ಫೋಲಿಪಿಡ್‌ನದೇ ಒಂದು ಪದರ ಇರುತ್ತೆ ಅನ್ನೋದನ್ನೂ ಹೇಳಿಬಿಡಿ, ಖುಷಿಪಡ್ತಾಳೆ.

ತರ್ಲೆ_ಪ್ರಶ್ನೆ

ಮೇಡಂ, "ಬಾಲಕ್ಕೆ ನೀರು ಕಂಡ್ರೆ ಆಗಲ್ಲ, ಅದಕ್ಕೆ ಒಳಗೆ ಅಡಗುತ್ತೆ" ಅಂತ ಎಲ್ಲ ಕಡೆ ಬರೀತಾರೆ. ಅಣುವಿಗೆ ಇಷ್ಟಕಷ್ಟ ಎಲ್ಲಿಂದ ಬಂತು? ಬಾಲಬಾಲಗಳ ನಡುವೆ ಅಂಥ ಭಾರೀ ಆಕರ್ಷಣೆಯೂ ಇಲ್ಲ. ಒಟ್ಟಿಗೆ ಸೇರಿಸಿದ್ದು ಯಾರು?

ಪೊರೆ_ಹುಳು

ಸೇರಿಸಿದ್ದು ನೀರು.

(ಪೀಠಿಕೆ: ನಾನು ಪಿಎಚ್‌ಡಿ ವಿದ್ಯಾರ್ಥಿ, ದಿನಾ ಲಿಪಿಡ್ ಜೊತೆ ಗುದ್ದಾಟ. ಉದ್ದ ಆದ್ರೆ ಬೈಕೊಂಡು ಓದಿ.)

ನೀರಿನ ಅಣುಗಳು ಪರಸ್ಪರ ಹೈಡ್ರೊಜನ್ ಬಂಧ ಮಾಡ್ಕೊಂಡು, ಕ್ಷಣಕ್ಷಣಕ್ಕೂ ಜೋಡಿ ಬದಲಿಸ್ತಾ ಇರುತ್ತವೆ. ನಡುವೆ ಒಂದು ಹೈಡ್ರೊಕಾರ್ಬನ್ ಬಾಲ ನುಗ್ಗಿದ್ರೆ ಅದರ ಸುತ್ತ ಇರೋ ನೀರಿಗೆ ಆ ಕಡೆ ಬಂಧ ಮಾಡೋಕೆ ಯಾರೂ ಸಿಗಲ್ಲ. ಆಗ ಆ ಅಣುಗಳು ಒಂದು ಶಿಸ್ತಿಗೆ ಬಂದು ನಿಲ್ಲಬೇಕಾಗುತ್ತೆ, ತಿರುಗಾಡುವ ಸ್ವಾತಂತ್ರ್ಯ ಕಡಿಮೆಯಾಗುತ್ತೆ. ಬಾಲಗಳೆಲ್ಲ ಒಂದೆಡೆ ಸೇರಿಬಿಟ್ಟರೆ ಶಿಸ್ತಿಗೆ ಸಿಕ್ಕಿದ್ದ ನೀರು ಬಿಡುಗಡೆ. ಒಟ್ಟು ಅಸ್ತವ್ಯಸ್ತತೆ, ಅಂದ್ರೆ ಎಂಟ್ರೊಪಿ, ಹೆಚ್ಚುತ್ತೆ. ಬಾಲಗಳು ಪರಸ್ಪರ ಎಳೆಯೋದಕ್ಕಿಂತ ನೀರು ಅವನ್ನ ಹೊರಹಾಕೋದೇ ದೊಡ್ಡ ಪಾತ್ರ. ಇದರ ಫಲ ಏನು ಅಂದ್ರೆ, ಪೊರೆ ಕಟ್ಟೋಕೆ ಕೋಶ ಇಟ್ಟಿಗೆ ಜೋಡಿಸೋ ಮೇಸ್ತ್ರಿ ಇಟ್ಕೋಬೇಕಾಗಿಲ್ಲ. ಒಣ ಫಾಸ್ಫೋಲಿಪಿಡ್‌ಗೆ ನೀರು ಹಾಕಿ ಕುಲುಕಿದ್ರೆ ಅದೇ ಉರುಟು ಚೀಲಗಳಾಗುತ್ತೆ. 1960ರ ದಶಕದ ಶುರುವಿನಲ್ಲಿ ಕೇಂಬ್ರಿಡ್ಜ್ ಹತ್ತಿರದ ಬಾಬ್ರಹಂನಲ್ಲಿ ಅಲೆಕ್ ಬ್ಯಾಂಗಮ್ ಇದನ್ನ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡದ್ದು. ಈಗ ಅದಕ್ಕೆ ಲೈಪೊಸೋಮ್ ಅಂತೀವಿ.

ಎರಡು ಬಾಲ ಯಾಕೆ ಅನ್ನೋದನ್ನೂ ಮಗಳಿಗೆ ಹೇಳಿ. ಸೋಪಿನ ಅಣುವಿಗೆ ಒಂದೇ ಬಾಲ: ತಲೆ ಅಗಲ, ಬಾಲ ಸಪೂರ, ಒಟ್ಟು ಆಕಾರ ಶಂಕು. ಶಂಕುಗಳನ್ನ ಪಕ್ಕಪಕ್ಕ ಇಟ್ಟರೆ ಸಾಲು ಬಾಗುತ್ತೆ, ಪುಟ್ಟ ಗೋಲಿ ಆಗಿ ಮುಚ್ಚಿಕೊಳ್ಳುತ್ತೆ. ಎರಡು ಬಾಲದ ಫಾಸ್ಫಟಿಡೈಲ್‌ಕೋಲಿನ್‌ನಲ್ಲಿ ತಲೆಯ ಅಗಲ, ಬಾಲಗಳ ಅಗಲ ಹೆಚ್ಚುಕಮ್ಮಿ ಒಂದೇ, ಅಂದ್ರೆ ಸಿಲಿಂಡರ್. ಸಿಲಿಂಡರ್‌ಗಳು ಚಪ್ಪಟೆ ಹಾಳೆಯಾಗ್ತವೆ, ಎರಡು ಹಾಳೆ ಬಾಲ ಒಳಗೆ ಮಾಡಿ ಅಂಟಿದರೆ ದ್ವಿಪದರ. ದಪ್ಪ ಸುಮಾರು 4ರಿಂದ 5 ನ್ಯಾನೊಮೀಟರ್, ಅದರಲ್ಲಿ ಎಣ್ಣೆಯಂಥ ನಡುಭಾಗ ಸುಮಾರು 3.

ಈ ಆಕಾರದ ಮಾತು ಮರೀಬೇಡಿ, ಮುಂದೆ ಬೇಕಾಗುತ್ತೆ.

ತರ್ಲೆ_ಪ್ರಶ್ನೆ

ಎರಡೇ ಪದರ ಅಂತ ಮೊದಲು ಹೇಳಿದ್ಯಾರು? ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬರೋ ಮುಂಚೆನೇ ಗೊತ್ತಿತ್ತಂತಲ್ಲ.

ಬಯಾಲಜಿ_ಮೇಡಂ

1925, ಹಾಲೆಂಡಿನ ಲೈಡನ್. ಎವರ್ಟ್ ಗಾರ್ಟರ್ ಮತ್ತು ಫ್ರಾಂಸ್ವಾ ಗ್ರೆಂಡಲ್. ಗಾರ್ಟರ್ ಮಕ್ಕಳ ವೈದ್ಯರು. ಕೆಂಪು ರಕ್ತಕಣಗಳಿಂದ ಅಸಿಟೋನ್ ಹಾಕಿ ಲಿಪಿಡ್ ತೆಗೆದು, ನೀರಿನ ತಟ್ಟೆಯ ಮೇಲೆ ಒಂದೇ ಅಣುವಿನ ದಪ್ಪಕ್ಕೆ ಹರಡಿದರು. ಹರಡಿದ ವಿಸ್ತೀರ್ಣ ಕಣಗಳ ಒಟ್ಟು ಮೇಲ್ಮೈಯ ಎರಡರಷ್ಟು ಬಂತು. ಅಲ್ಲಿಗೆ ಪದರ ಎರಡು. ಕೆಂಪು ಕಣವನ್ನೇ ಆರಿಸಿದ್ದು ಜಾಣತನ: ಸಸ್ತನಿಗಳ ಆ ಕಣದಲ್ಲಿ ನ್ಯೂಕ್ಲಿಯಸ್ ಇಲ್ಲ, ಒಳಪೊರೆಗಳಿಲ್ಲ, ಸಿಕ್ಕಿದ ಲಿಪಿಡ್ಡೆಲ್ಲ ಹೊರಪೊರೆಯದ್ದೇ.

ಪೊರೆ_ಹುಳು

ಕಥೆಯ ಅರ್ಧ ಹೇಳಿ ನಿಲ್ಲಿಸಿದ್ರಿ ಮೇಡಂ! ಅಸಿಟೋನ್‌ಗೆ ಪೂರ್ತಿ ಲಿಪಿಡ್ ಬರಲ್ಲ, ಒಂದಷ್ಟು ಕಣದಲ್ಲೇ ಉಳೀತು. ಇನ್ನೊಂದು ಕಡೆ ಅವರು ಒಣಗಿದ ಕಣಗಳನ್ನ ಅಳೆದದ್ರಿಂದ ಕಣದ ಮೇಲ್ಮೈಯೂ ಇರೋದಕ್ಕಿಂತ ಕಮ್ಮಿ ಬಂತು. ಎರಡೂ ಕಡಿತ ಹತ್ತಿರಹತ್ತಿರ ಒಂದೇ ಪ್ರಮಾಣದ್ದು, ಭಾಗಿಸಿದಾಗ ಒಂದನ್ನೊಂದು ನುಂಗಿಹಾಕಿದವು. ಪೊರೆಯಲ್ಲಿ ಪ್ರೋಟೀನ್ ಹಿಡಿಯೋ ಜಾಗ ಲೆಕ್ಕಕ್ಕೇ ಬರಲಿಲ್ಲ. ಉತ್ತರ ಮಾತ್ರ ಸರಿ.

ತರ್ಲೆ_ಪ್ರಶ್ನೆ

ಅಂದ್ರೆ ನಮ್ಮ ಕ್ಲಾಸಲ್ಲಿ ಗಣಿತದ ಪರೀಕ್ಷೆ ಬರೆದ ಹಾಗೆ. ಸ್ಟೆಪ್ ತಪ್ಪು, ಆನ್ಸರ್ ರೈಟು.

ಬಯಾಲಜಿ_ಮೇಡಂ

ನಾನಾದ್ರೆ ಪೂರ್ತಿ ಅಂಕ ಕೊಡ್ತೀನಿ. ಪೊರೆಗೆ ಪದರ ಎಷ್ಟು ಅಂತ ಅಳೆದು ನೋಡಬಹುದು ಅನ್ನೋ ಯೋಚನೆಯೇ ಅಲ್ಲಿ ದೊಡ್ಡದು. ಆಮೇಲೆ ಬಂದವರು, 1935ರ ಡೇನಿಯೆಲಿ ಮತ್ತು ಡಾವ್ಸನ್, ಲಿಪಿಡ್‌ನ ಎರಡೂ ಬದಿಗೆ ಪ್ರೋಟೀನ್ ಬಳಿದು ಸ್ಯಾಂಡ್‌ವಿಚ್ ಮಾಡಿದರು. ಅದು ಸರಿಹೋಗೋಕೆ, ಪ್ರೋಟೀನ್ ಲಿಪಿಡ್ ನಡುವೆಯೇ ತೇಲುತ್ತೆ ಅನ್ನೋ ಚಿತ್ರ ಕೊಟ್ಟ ಸಿಂಗರ್ ಮತ್ತು ನಿಕಲ್ಸನ್ 1972ರಲ್ಲಿ ಬರಬೇಕಾಯ್ತು.

ತೋಟದ_ಮನೆ

ಓದ್ತಾ ಇದ್ದೆ ಮಾರಾಯ್ರೇ, ಚೆನ್ನಾಗಿದೆ. ನಂದೊಂದು ಪ್ರಶ್ನೆ, ಸಂಬಂಧ ಇಲ್ಲದಿದ್ರೆ ಬಿಡಿ. ತೋಟದ ಏಲಕ್ಕಿ ಬಾಳೆಗೊನೆ ಫ್ರಿಜ್‌ನಲ್ಲಿಟ್ಟರೆ ಸಿಪ್ಪೆ ಕಪ್ಪಾಗ್ತದೆ, ಸೇಬು ಏನೂ ಆಗೋದಿಲ್ಲ. ಇದು ಪೊರೆ ಹಾಳಾಗಿದ್ದಕ್ಕೆ ಅಂತ ಒಬ್ಬರು ಹೇಳಿದ್ರು, ಹೌದಾ?

ಪೊರೆ_ಹುಳು

ಸಂಬಂಧ ಇಲ್ಲ ಅಂತ ಯಾರು ಹೇಳಿದ್ದು? ಪೊರೆ ನೀರಿನ ಹಾಗೆ ಹರಿದಾಡೋ ವಸ್ತು ಅನ್ನೋದಕ್ಕೆ ನಿಮ್ಮ ಬಾಳೆಗಿಂತ ಒಳ್ಳೇ ಸಾಕ್ಷಿ ಇಲ್ಲ.

ಕೊಬ್ಬಿನ ಆಮ್ಲದ ಬಾಲ ಎರಡು ಥರ. ಸಂತೃಪ್ತ ಬಾಲ ನೆಟ್ಟಗಿರುತ್ತೆ, ಒತ್ತೊತ್ತಾಗಿ ಕೂರುತ್ತೆ. ಅಸಂತೃಪ್ತ ಬಾಲದಲ್ಲಿ ಸಿಸ್ ದ್ವಿಬಂಧ ಇರೋ ಕಡೆ ಮೊಣಕೈ ಥರ ಬಾಗು, ಒತ್ತೊತ್ತಾಗಿ ಕೂರೋಕೆ ಆಗಲ್ಲ. ಮಾಗಿ ಚಳಿಯಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಗಟ್ಟಿಯಾಗುತ್ತೆ, ಪಕ್ಕದಲ್ಲೇ ಇರೋ ಕಡಲೆಕಾಯಿ ಎಣ್ಣೆ ಆಗಲ್ಲ, ಕಾರಣ ಇದೇ. ಸಹಜವಾದ ಫಾಸ್ಫೋಲಿಪಿಡ್‌ಗಳಲ್ಲಿ ಸಾಮಾನ್ಯವಾಗಿ ಮೊದಲನೇ ಬಾಲ ಸಂತೃಪ್ತ, ಎರಡನೆಯದು ಅಸಂತೃಪ್ತ. ಮೈ ಬಿಸಿಯಲ್ಲಿ ಹರಿದಾಡುವ ಹದ ಇದರಿಂದ ಬರುತ್ತೆ.

ಬಾಳೆ ಉಷ್ಣವಲಯದ ಗಿಡ, ಅದರ ಪೊರೆಯ ಹದ ಅಲ್ಲಿನ ಬಿಸಿಗೆ ಹೊಂದಿದ್ದು. ಸುಮಾರು 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಟ್ಟರೆ ಪೊರೆ ಅಲ್ಲಲ್ಲಿ ಬಿಗಿದುಕೊಂಡು ಸೋರೋಕೆ ಶುರು. ಬೇರೆಬೇರೆ ಕೋಣೆಗಳಲ್ಲಿದ್ದ ಫಿನಾಲ್ ವಸ್ತುಗಳೂ ಅವನ್ನ ಕಪ್ಪಾಗಿಸೋ ಕಿಣ್ವವೂ ಒಂದಕ್ಕೊಂದು ಸಿಕ್ಕಿಬಿಡ್ತವೆ, ಸಿಪ್ಪೆ ಕಪ್ಪು. ಸೇಬು ಚಳಿ ದೇಶದ್ದು, ಸೊನ್ನೆಯ ಹತ್ತಿರದಲ್ಲೂ ಅದರ ಪೊರೆ ತಡ್ಕೊಳ್ಳುತ್ತೆ. ಬ್ಯಾಕ್ಟೀರಿಯಾ ಇನ್ನೂ ಚುರುಕು. ಇ. ಕೋಲೈ ಅನ್ನ ತಂಪಿಗೆ ಹಾಕಿದ್ರೆ ಹೊಸ ಲಿಪಿಡ್‌ಗಳಲ್ಲಿ ಬಾಗಿದ ಬಾಲ ಹೆಚ್ಚು ಸೇರಿಸಿ ಹದ ಕಾಯ್ದುಕೊಳ್ಳುತ್ತೆ. 1974ರಲ್ಲಿ ಸಿನೆನ್ಸ್ಕಿ ಇದನ್ನ ತೋರಿಸಿಕೊಟ್ಟರು.

ನಮ್ಮ ಪೊರೆಯಲ್ಲಿ ಕೊಲೆಸ್ಟೆರಾಲ್ ಕೂಡ ನಡುವೆ ತೂರಿಕೊಂಡಿರುತ್ತೆ, ಬಿಸಿಯಲ್ಲಿ ಬಾಲಗಳ ಓಡಾಟ ತಗ್ಗಿಸುತ್ತೆ, ತಂಪಿನಲ್ಲಿ ಅವು ಒತ್ತಾಗಿ ಗಟ್ಟಿಯಾಗದಂತೆ ತಡೆಯುತ್ತೆ. ಕೊಲೆಸ್ಟೆರಾಲ್ ಅಂದ ಕೂಡಲೇ ಹೃದಯಾಘಾತ ಅಂತ ಬೆಚ್ಚಿಬೀಳೋರಿಗೆ ಈ ಮಾತು.

ತೋಟದ_ಮನೆ

ಉಪಕಾರ ಆಯ್ತು. ಇನ್ಮೇಲೆ ಗೊನೆ ಹೊರಗೇ.

ಪಿಯು_ಹುಡುಗಿಯ_ಅಪ್ಪ

ಮಗಳು ಪಕ್ಕದಲ್ಲೇ ಕೂತು ಓದ್ತಿದಾಳೆ. ಅವಳ ಪ್ರಶ್ನೆ ಹಾಗೇ ಹಾಕ್ತೀನಿ: "ಎಲ್ಲ ಹರಿದಾಡ್ತಾ ಇದ್ರೆ ಮೇಲಿನ ಪದರದ ಅಣು ಕೆಳಗಿನ ಪದರಕ್ಕೂ ಹೋಗುತ್ತಲ್ಲ? ಆಮೇಲೆ, ಎರಡೂ ಪದರ ಚಿತ್ರದಲ್ಲಿ ಒಂದೇ ಥರ ಇವೆ, ನಿಜವಾಗ್ಲೂ ಒಂದೇನಾ?"

ಪೊರೆ_ಹುಳು

ಹುಡುಗಿ ಲ್ಯಾಬ್‌ಗೆ ಬರಬೇಕು ಸರ್, ಸುಮ್ಮನೆ ನೀಟ್ ಕೋಚಿಂಗ್‌ಗೆ ಹಾಕಬೇಡಿ. (ತಮಾಷೆಗೆ ಅಂದಿದ್ದು. ಪೂರ್ತಿ ತಮಾಷೆ ಅಲ್ಲ.)

ಒಂದನೇದು: ಪಕ್ಕಕ್ಕೆ ಓಡಾಡೋದು ಸಲೀಸು, ಎರಡು ಮೈಕ್ರೊಮೀಟರ್ ಉದ್ದದ ಬ್ಯಾಕ್ಟೀರಿಯಾದ ಈ ತುದಿಯಿಂದ ಆ ತುದಿಗೆ ಒಂದು ಲಿಪಿಡ್ ಸುಮಾರು ಒಂದು ಸೆಕೆಂಡಲ್ಲಿ ತಲುಪಬಲ್ಲದು. ಪದರ ದಾಟೋದು ಬೇರೆ ಮಾತು. ವಿದ್ಯುದಾವೇಶ ಇರೋ ತಲೆ ಎಣ್ಣೆಯಂಥ ನಡುಭಾಗದೊಳಗೆ ನುಸುಳಿ ಆಚೆ ಹೋಗಬೇಕು. ತಾನಾಗಿ ಆಗೋದಾದ್ರೆ ಗಂಟೆಗಳು, ಕೆಲವು ಸಲ ದಿನಗಳೇ ಬೇಕು.

ಎರಡನೇದು: ಒಂದೇ ಅಲ್ಲ. ಕಲಿಸುವಾಗ ಎಲ್ಲರೂ ಬಿಟ್ಟುಬಿಡೋ ಸಂಗತಿ ಇದು, ನನ್ನ ಪ್ರಕಾರ ಫಾಸ್ಫೋಲಿಪಿಡ್‌ನ ನಿಜವಾದ ಪಾತ್ರ ಇಲ್ಲೇ ಶುರುವಾಗೋದು. ಕೆಂಪು ರಕ್ತಕಣ ತಗೊಳ್ಳಿ. ಹೊರಪದರದಲ್ಲಿ ಹೆಚ್ಚಾಗಿ ಫಾಸ್ಫಟಿಡೈಲ್‌ಕೋಲಿನ್ ಮತ್ತು ಸ್ಫಿಂಗೊಮೈಲಿನ್. ಒಳಪದರದಲ್ಲಿ ಫಾಸ್ಫಟಿಡೈಲ್‌ಇಥನಾಲಮೈನ್ ಜಾಸ್ತಿ, ಫಾಸ್ಫಟಿಡೈಲ್‌ಸೆರೀನ್ ಅಂತೂ ಹತ್ತಿರಹತ್ತಿರ ಪೂರ್ತಿ ಒಳಗೇ. ಸೆರೀನ್ ತಲೆಗೆ ಒಟ್ಟಾರೆ ಋಣ ಆವೇಶ ಇದೆ. ಹೊರಗೆ ಇಣುಕಿದ ಒಂದೊಂದು ಸೆರೀನ್ ಲಿಪಿಡ್ಡನ್ನೂ ಫ್ಲಿಪ್ಪೇಸ್ ಅನ್ನೋ ಪ್ರೋಟೀನ್ ಎಟಿಪಿ (ಕೋಶದ ಇಂಧನ) ಖರ್ಚು ಮಾಡಿ ಮತ್ತೆ ಒಳಗೆ ತಿರುಗಿಸುತ್ತೆ. ಸುಮ್ಮನೆ ಗೋಡೆಯಾಗಿ ನಿಲ್ಲೋ ವಸ್ತುವಿಗೆ ಇಷ್ಟು ಶಕ್ತಿ ಯಾರು ಸುರೀತಾರೆ?

ಕೋಶ ಸಾಯೋಕೆ ಸಿದ್ಧವಾದಾಗ ಫ್ಲಿಪ್ಪೇಸ್ ನಿಲ್ಲುತ್ತೆ, ಸ್ಕ್ರಾಂಬ್ಲೇಸ್ ಅನ್ನೋ ಇನ್ನೊಂದು ಪ್ರೋಟೀನ್ ಎರಡೂ ಪದರ ಕಲಸಿಬಿಡುತ್ತೆ. ಸೆರೀನ್ ಹೊರಗೆ ಬಂತು ಅಂದ್ರೆ ಸಾಯೋ ಕೋಶ ನುಂಗೋ ಮ್ಯಾಕ್ರೊಫೇಜ್‌ಗೆ "ನನ್ನ ತಿನ್ನು" ಅನ್ನೋ ಗುರುತು. ಲ್ಯಾಬ್‌ನಲ್ಲಿ ಸಾಯ್ತಿರೋ ಕೋಶ ಗುರುತಿಸೋಕೆ ಅನೆಕ್ಸಿನ್ ವಿ ಅನ್ನೋ ಪ್ರೋಟೀನ್‌ಗೆ ಹೊಳೆಯೋ ಬಣ್ಣ ಅಂಟಿಸಿ ಹಾಕ್ತೀವಿ, ಅದು ಕ್ಯಾಲ್ಸಿಯಂ ಜೊತೆ ಹೋಗಿ ಆ ಸೆರೀನ್ ತಲೆಗೇ ಅಂಟುತ್ತೆ.

ಡಾಕ್ಟ್ರು_ತಾಲ್ಲೂಕು

ಇಲ್ಲಿ ನಾನೂ ಸ್ವಲ್ಪ ಸೇರಿಸ್ತೀನಿ, ಇದು ನಮ್ಮ ದಿನನಿತ್ಯದ ವಿಷಯ.

ಗಾಯವಾದಾಗ ಪ್ಲೇಟ್‌ಲೆಟ್ ಎಚ್ಚೆತ್ತು ಇದೇ ಸೆರೀನ್ ಲಿಪಿಡ್ಡನ್ನ ಹೊರಗೆ ತಿರುಗಿಸುತ್ತೆ. ರಕ್ತ ಹೆಪ್ಪುಗಟ್ಟಿಸೋ ಫ್ಯಾಕ್ಟರ್ 10, ಫ್ಯಾಕ್ಟರ್ 5 ಮೊದಲಾದವು ಕ್ಯಾಲ್ಸಿಯಂ ಸಹಾಯದಿಂದ ಆ ಋಣ ಆವೇಶದ ಮೇಲ್ಮೈ ಮೇಲೆ ಕೂತು ಒಟ್ಟಾಗಿ ಕೆಲಸ ಮಾಡ್ತವೆ. ರಕ್ತದಲ್ಲಿ ಒಂದೊಂದೇ ತೇಲ್ತಾ ಇದ್ದರೆ ಆ ವೇಗ ಬರಲ್ಲ. ಅಂದ್ರೆ ಫಾಸ್ಫೋಲಿಪಿಡ್ ಇಲ್ಲಿ ಕೆಲಸದ ಕಟ್ಟೆ. ಆರೋಗ್ಯವಂತ ಕೋಶದ ಹೊರಮೈಯಲ್ಲಿ ಸೆರೀನ್ ಇಲ್ಲದ್ದರಿಂದಲೇ ಎಲ್ಲೆಂದರಲ್ಲಿ ರಕ್ತ ಹೆಪ್ಪಾಗಲ್ಲ.

ಇನ್ನು ಹಾವು. ನಮ್ಮ ಕಡೆ ಗದ್ದೆ ಕೊಯ್ಲಿನ ಕಾಲಕ್ಕೆ ಕೊಳಕುಮಂಡಲ ಕಚ್ಚಿದವರು ಬರ್ತಾರೆ. ಅದರ ವಿಷದಲ್ಲೂ ನಾಗರಹಾವಿನ ವಿಷದಲ್ಲೂ ಫಾಸ್ಫೊಲೈಪೇಸ್ ಎ2 ಅನ್ನೋ ಕಿಣ್ವ ಇದೆ. ಇದು ಫಾಸ್ಫೋಲಿಪಿಡ್‌ನ ಎರಡನೇ ಬಾಲವನ್ನ ಕತ್ತರಿಸಿ ತೆಗೆಯುತ್ತೆ. ಪೊರೆ_ಹುಳು ಅವರು ಆಕಾರದ ಮಾತು ಹೇಳಿದ್ರಲ್ಲ: ಒಂದು ಬಾಲ ಹೋದ್ರೆ ಸಿಲಿಂಡರ್ ಹೋಗಿ ಶಂಕು, ಹತ್ತಿರಹತ್ತಿರ ಸೋಪು. ಪೊರೆಯೊಳಗೇ ಸೋಪು ತಯಾರಾದ ಹಾಗೆ. ಕೊಳಕುಮಂಡಲದ್ದು ಇಷ್ಟಕ್ಕೇ ಮುಗಿಯಲ್ಲ, ಅದರ ವಿಷ ಫ್ಯಾಕ್ಟರ್ 10 ಮತ್ತು 5ನ್ನ ನೇರವಾಗಿ ಎಬ್ಬಿಸಿ ಹೆಪ್ಪುಗಟ್ಟೋ ವಸ್ತುಗಳನ್ನೆಲ್ಲ ಖರ್ಚು ಮಾಡಿಸುತ್ತೆ, ಆಮೇಲೆ ರಕ್ತ ನಿಲ್ಲಲ್ಲ. ಅದಕ್ಕೇ ನಾವು ಗಾಜಿನ ಒಣ ಟ್ಯೂಬಿಗೆ ಸ್ವಲ್ಪ ರಕ್ತ ತೆಗೆದು 20 ನಿಮಿಷ ಅಲುಗಾಡಿಸದೆ ಇಟ್ಟು ಓರೆ ಮಾಡಿ ನೋಡೋದು. ಹೆಪ್ಪಾಗಿಲ್ಲ ಅಂದ್ರೆ ಪ್ರತಿವಿಷ ಶುರು. ಕಚ್ಚಿದ ಜಾಗ ಕೊಯ್ಯೋದು, ಕಟ್ಟು ಬಿಗಿಯೋದು, ನಾಟಿ ಮದ್ದು ಅಂತ ಹೊತ್ತು ಕಳೆಯೋದು ಮಾಡಬೇಡಿ ಅಂತ ಇಲ್ಲೂ ಹೇಳಿಬಿಡ್ತೀನಿ.

ಮೌನಿ_ಓದುಗಳು

ಡಾಕ್ಟ್ರೇ, ನನಗೆ ಗರ್ಭಪಾತ ಮತ್ತೆಮತ್ತೆ ಆದಾಗ "ಆಂಟಿಫಾಸ್ಫೋಲಿಪಿಡ್" ಟೆಸ್ಟ್ ಮಾಡಿಸಿದ್ರು. ಇದೇ ಫಾಸ್ಫೋಲಿಪಿಡ್ಡಾ? ಮೊದಲು ವಿಡಿಆರ್‌ಎಲ್ (ಸಿಫಿಲಿಸ್ ಅನ್ನೋ ಲೈಂಗಿಕ ರೋಗದ ಟೆಸ್ಟ್) ಪಾಸಿಟಿವ್ ಬಂದು ಮನೆಯಲ್ಲಿ ದೊಡ್ಡ ರಂಪ ಆಗಿತ್ತು. ಅದು ಸುಳ್ಳು ಪಾಸಿಟಿವ್ ಅಂದ್ರು, ಯಾಕೆ ಅಂತ ಯಾರೂ ಬಿಡಿಸಿ ಹೇಳಲಿಲ್ಲ.

ಡಾಕ್ಟ್ರು_ತಾಲ್ಲೂಕು

ಇದೇ ಅಮ್ಮಾ. ವಿಡಿಆರ್‌ಎಲ್ ಟೆಸ್ಟ್‌ನಲ್ಲಿ ಸಿಫಿಲಿಸ್ ರೋಗಾಣುವನ್ನೇ ಹುಡುಕಲ್ಲ. ಕಾರ್ಡಿಯೊಲಿಪಿನ್ ಅನ್ನೋ ಫಾಸ್ಫೋಲಿಪಿಡ್‌ಗೆ ಲೆಸಿಥಿನ್, ಕೊಲೆಸ್ಟೆರಾಲ್ ಬೆರೆಸಿ ಇಟ್ಟಿರ್ತಾರೆ, ರಕ್ತದಲ್ಲಿ ಅದರ ವಿರುದ್ಧ ಪ್ರತಿಕಾಯ ಇದ್ದರೆ ಕಣಕಣವಾಗಿ ಗಂಟು ಕಟ್ಟುತ್ತೆ. ಕಾರ್ಡಿಯೊಲಿಪಿನ್ ಮೈಟೊಕಾಂಡ್ರಿಯಾದ ಒಳಪೊರೆಯ ಲಿಪಿಡ್, ಎರಡರ ಬದಲು ನಾಲ್ಕು ಬಾಲ. ಮೊದಲು ದನದ ಹೃದಯದಿಂದ ತೆಗೆದಿದ್ದಕ್ಕೆ ಆ ಹೆಸರು. ಸಿಫಿಲಿಸ್ ಬಂದವರಲ್ಲಿ ಇಂಥ ಪ್ರತಿಕಾಯ ಹುಟ್ಟುತ್ತೆ. ಆಂಟಿಫಾಸ್ಫೋಲಿಪಿಡ್ ತೊಂದರೆ ಇರುವವರಲ್ಲೂ ಹುಟ್ಟುತ್ತೆ, ಆ ಸೋಂಕಿಗೂ ಅವರಿಗೂ ಯಾವ ಸಂಬಂಧವೂ ಇರಲ್ಲ. ಆದ್ದರಿಂದ ವಿಡಿಆರ್‌ಎಲ್ ಪಾಸಿಟಿವ್ ಬಂದ ಕೂಡಲೇ ರೋಗಾಣುವಿನ ವಿರುದ್ಧದ ಟಿಪಿಎಚ್‌ಎ ಥರದ ಟೆಸ್ಟ್ ಮಾಡಿಸದೆ ಯಾರನ್ನೂ ಅನುಮಾನಿಸಬಾರದು. ನಿಮಗೆ ಆದದ್ದು ಅನ್ಯಾಯ.

ಈ ತೊಂದರೆ ಪತ್ತೆ ಮಾಡೋ ಒಂದು ಟೆಸ್ಟ್‌ನಲ್ಲಿ ಕೊಳಕುಮಂಡಲದ ವಿಷವನ್ನೇ ಬಳಸ್ತಾರೆ. ದುರ್ಬಲಗೊಳಿಸಿದ ವಿಷದ ಜೊತೆ ತುಂಬ ಕಮ್ಮಿ ಫಾಸ್ಫೋಲಿಪಿಡ್ ಹಾಕಿ, ಪ್ಲಾಸ್ಮಾ ಹೆಪ್ಪಾಗೋಕೆ ಎಷ್ಟು ಹೊತ್ತು ಅಂತ ನೋಡೋದು. ಪ್ರತಿಕಾಯಗಳು ಆ ಲಿಪಿಡ್ ಕಟ್ಟೆಯನ್ನ ಆಕ್ರಮಿಸಿದ್ದರೆ ಹೆಪ್ಪಾಗೋದು ತಡ. ಹೆಚ್ಚಿಗೆ ಫಾಸ್ಫೋಲಿಪಿಡ್ ಸುರಿದರೆ ಸರಿಹೋಗುತ್ತೆ. ವಿಚಿತ್ರ ಅಂದ್ರೆ ಟ್ಯೂಬಿನಲ್ಲಿ ತಡ ಮಾಡೋ ಇದೇ ಪ್ರತಿಕಾಯಗಳು ಮೈಯೊಳಗೆ ಹೆಪ್ಪು ಹೆಚ್ಚಿಸ್ತವೆ. ಅದಕ್ಕೇ ಈ ತೊಂದರೆ ಇರುವ ಗರ್ಭಿಣಿಯರಿಗೆ ಕಡಿಮೆ ಡೋಸ್ ಆಸ್ಪಿರಿನ್ ಮತ್ತು ಹೆಪಾರಿನ್ ಇಂಜೆಕ್ಷನ್ ಕೊಡೋದು. ನಿಮ್ಮ ವಿಷಯದಲ್ಲಿ ಏನು ಅನ್ನೋದನ್ನ ನಿಮ್ಮ ಡಾಕ್ಟರ ಹತ್ತಿರವೇ ಮಾತಾಡಿ.

ಮೌನಿ_ಓದುಗಳು

ಧನ್ಯವಾದ ಡಾಕ್ಟ್ರೇ. ನಿಮ್ಮ ಮಾತನ್ನ ನಮ್ಮ ಅತ್ತೆಗೆ ಓದಿ ಹೇಳ್ತೀನಿ.

ತರ್ಲೆ_ಪ್ರಶ್ನೆ

ಪೊರೆ_ಹುಳು ಅವರೇ, ಇಷ್ಟೆಲ್ಲ ಆದ್ಮೇಲೆ ಸಿಂಗರ್-ನಿಕಲ್ಸನ್ ಚಿತ್ರ ಹಳೇದಾಯ್ತು ಅಂತ ಅರ್ಥ ಅಲ್ವಾ? ಮಕ್ಕಳಿಗೆ ಇನ್ನೂ ಯಾಕೆ ಅದನ್ನೇ ತುರುಕೋದು?

ಪೊರೆ_ಹುಳು

ನನ್ನ ಮಟ್ಟಿಗೆ ಹಳೇದೇ. ಲಿಪಿಡ್ ಸಮುದ್ರದಲ್ಲಿ ಪ್ರೋಟೀನ್ ಸ್ವಚ್ಛಂದ ತೇಲುತ್ತೆ ಅನ್ನೋದು ಅರ್ಧಸತ್ಯ. ಪೊರೆಯಲ್ಲಿ ಸಣ್ಣಸಣ್ಣ ಗುಂಪುಗಳಿವೆ. ಬೆಂಗಳೂರಿನ ಎನ್‌ಸಿಬಿಎಸ್ ಸಂಶೋಧನಾ ಸಂಸ್ಥೆಯಲ್ಲಿ ಸತ್ಯಜಿತ್ ಮೇಯರ್ ಅವರ ತಂಡ 2015ರಲ್ಲಿ ತೋರಿಸಿದ್ದು ನೋಡಿ: ಪೊರೆಯ ಹೊರಪದರಕ್ಕೆ ಲಿಪಿಡ್ ಲಂಗರು ಹಾಕಿ ನಿಂತ ಪ್ರೋಟೀನ್‌ಗಳು ಗುಂಪಾಗಬೇಕಾದ್ರೆ ಒಳಪದರದಲ್ಲಿ ಉದ್ದನೆಯ ಸಂತೃಪ್ತ ಬಾಲದ ಫಾಸ್ಫಟಿಡೈಲ್‌ಸೆರೀನ್ ಬೇಕು. ಕೋಶದೊಳಗಿನ ಆಕ್ಟಿನ್ ಅನ್ನೋ ಪ್ರೋಟೀನ್ ಎಳೆಗಳು ಆ ಸೆರೀನ್‌ಗಳನ್ನ ಹಿಡಿದಿಡ್ತವೆ. ಎರಡು ಪದರದ ಬಾಲಗಳು ನಡುವೆ ಕೈ ಕೈ ಹಿಡಿದು, ಒಳಗಿನ ಸುದ್ದಿ ಹೊರಗೆ ಮುಟ್ಟುತ್ತೆ.

ಬಯಾಲಜಿ_ಮೇಡಂ

ನಾನು ಒಪ್ಪಲ್ಲ. ಮೊದಲ ಸಲ ಕಲಿಯುವ ಮಗುವಿಗೆ ಆ ಚಿತ್ರವೇ ಸರಿ. ಅದರ ಮೇಲೆ ಉಳಿದದ್ದು ಕಟ್ಟಬಹುದು. ಅಪವಾದಗಳನ್ನೆಲ್ಲ ಮೊದಲೇ ಹೇಳಿದರೆ ಗಿಡದ ಕ್ಲೋರೋಪ್ಲಾಸ್ಟ್‌ನ ಒಳಪೊರೆಯಲ್ಲಿ ಫಾಸ್ಫೋಲಿಪಿಡ್‌ಗಿಂತ ಸಕ್ಕರೆ ತಲೆಯ ಗ್ಯಾಲಕ್ಟೊಲಿಪಿಡ್ಡೇ ಹೆಚ್ಚು, ಬ್ಯಾಕ್ಟೀರಿಯಾದಂತೆ ಕಾಣೋ ಆರ್ಕಿಯಾ ಅನ್ನೋ ಸೂಕ್ಷ್ಮಜೀವಿಗಳಲ್ಲಿ ಬಾಲವೂ ಬೇರೆ ಬಂಧವೂ ಬೇರೆ, ಅಂತ ಎಲ್ಲಿಗೆ ನಿಲ್ಲಿಸೋದು? ಚಿತ್ರ ಬರೆಯುವಾಗ ಎರಡು ಪದರದ ತಲೆಗಳಿಗೆ ಬೇರೆಬೇರೆ ಬಣ್ಣ ಹಚ್ಚಿಸಿ, ಸಾಕು. ಈ ಸಲ ನಾನೂ ಕ್ಲಾಸಲ್ಲಿ ಹಾಗೇ ಮಾಡಿಸ್ತೀನಿ.

ಪೊರೆ_ಹುಳು

ಬಣ್ಣದ ಮಾತಿಗೆ ಜೈ. ಉಳಿದದ್ದಕ್ಕೆ ಇನ್ನೊಂದು ದಿನ ಜಗಳ ಆಡೋಣ.

ಲೇಬಲ್_ಓದುವವ

ಕೊನೆಗೊಂದು ಲೌಕಿಕ ಪ್ರಶ್ನೆ. ಚಾಕೊಲೇಟ್ ಕವರ್ ಮೇಲೆ 322 ಅಂತ ಇರೋದು ಸೋಯಾ ಲೆಸಿಥಿನ್, ಅಂದ್ರೆ ಫಾಸ್ಫೋಲಿಪಿಡ್ಡೇ ತಾನೆ? ಮೆಡಿಕಲ್ ಶಾಪಿನಲ್ಲಿ ಅದೇ ಲೆಸಿಥಿನ್ ಕ್ಯಾಪ್ಸೂಲ್ ಮಾಡಿ "ಕೋಶಪೊರೆ ರಿಪೇರಿಗೆ" ಅಂತ ಮಾರ್ತಿದಾರೆ. ತಗೊಂಡ್ರೆ ನೇರ ಪೊರೆಗೆ ಹೋಗುತ್ತಾ?

ಡಾಕ್ಟ್ರು_ತಾಲ್ಲೂಕು

ನೇರ ಹೋಗಲ್ಲ. ಕರುಳಿಗೆ ಬಂದ ಕೂಡಲೇ ಮೇದೋಜೀರಕ ಗ್ರಂಥಿಯ ಫಾಸ್ಫೊಲೈಪೇಸ್ ಎ2 ಅದರ ಎರಡನೇ ಬಾಲ ಕತ್ತರಿಸುತ್ತೆ. ಹೌದು, ಹಾವಿನ ವಿಷದಲ್ಲಿರೋ ಕಿಣ್ವದ ನೆಂಟನೇ ಅದು. ಕತ್ತರಿಸಿದ ಚೂರುಗಳು ಒಳಗೆ ಹೋಗಿ ಮತ್ತೆ ಜೋಡಣೆಯಾಗಿ ಎಲ್ಲೆಲ್ಲೋ ಖರ್ಚಾಗ್ತವೆ. ಜೊತೆಗೆ ನಿಮ್ಮ ಕೋಶಗಳೇ ದಿನವಿಡೀ ಫಾಸ್ಫೋಲಿಪಿಡ್ ತಯಾರಿಸ್ತಾ ಇರ್ತವೆ. ಕೋಲಿನ್ ಬೇಕು ಅನ್ನೋದು ನಿಜ, ಮೊಟ್ಟೆ ತಿನ್ನೋರಿಗೆ ಹಳದಿಯಲ್ಲಿ ಸಿಗುತ್ತೆ, ತಿನ್ನದವರಿಗೆ ಸೋಯಾ, ಕಾಳುಗಳಲ್ಲೂ ಇದೆ. ಕ್ಯಾಪ್ಸೂಲ್ ದುಡ್ಡು ಉಳಿಸಿ.